ದೊಡ್ಡ ಕಾಡುಹಂದಿ: ಬೇಟೆಗೆ ಐದು ಸ್ಟಾರ್, ಮಾಂಸಕ್ಕೆ ಮೂರು

ಅನುಮತಿ ಇರುವ ಜಾಗದಲ್ಲಿ ಹಂದಿ ಬೇಟೆ ಮಾಡಿಸಿ, ಮಾಂಸ ಕೊಯ್ದು ಪ್ಯಾಕ್ ಮಾಡಿಕೊಡುವ ಸೇವೆ ಇದು. ಗೈಡ್ ಕೆಲಸ ಬಲ್ಲವರು, ಗಾಳಿಯ ದಿಕ್ಕು ನೋಡದೆ ಹೆಜ್ಜೆ ಇಡಲಿಲ್ಲ. ಹಂದಿಗೆ ಕಣ್ಣು ಮಂದ, ಮೂಗು ಮಾತ್ರ ಭಯಂಕರ ಚುರುಕು.

ನನಗೆ ಸಿಕ್ಕಿದ್ದು ಕೋರೆ ಬೆಳೆದ ದೊಡ್ಡ ಗಂಡು. ಭುಜದ ಚರ್ಮದಡಿ ಗಟ್ಟಿ ಪದರ, ಚಾಕು ಹಾಕಿದರೆ ಟೈರ್ ಕೊಯ್ದ ಹಾಗೆ. ಕೈಗವಸು ಹಾಕಿಕೊಂಡೇ ಕರುಳು ತೆಗೆದು, ಮಾಂಸವನ್ನು ಬೇಗ ಐಸ್‌ಗೆ ಹಾಕಿದರು. ಹಂದಿಯಿಂದ ಮನುಷ್ಯರಿಗೂ ಬರುವ ಬ್ರುಸೆಲ್ಲೋಸಿಸ್ ಅನ್ನೋ ಬ್ಯಾಕ್ಟೀರಿಯಾ ಕಾಯಿಲೆ ಅಂಟುವ ಭಯ ಇರುತ್ತೆ ಅಲ್ವಾ.

ಬೆನ್ನಿನ ಮಾಂಸ ಕಡುಕೆಂಪು, ಒಳ್ಳೆ ರುಚಿ. ಕೊಬ್ಬು ಬಾಣಲೆಯಲ್ಲಿ ಕರಗಿತು ನೋಡಿ, ಮನೆಯೆಲ್ಲ ಮೂತ್ರದ ನಾತ! ವಯಸ್ಸಾದ ಗಂಡಿನ ಕೊಬ್ಬಲ್ಲಿ ಆಂಡ್ರೋಸ್ಟಿನೋನ್, ಸ್ಕಟೋಲ್ ಅನ್ನೋ ನಾತದ ರಾಸಾಯನಿಕಗಳು ಸೇರಿಕೊಳ್ಳುವುದರಿಂದ ಹೀಗಾಗುತ್ತೆ. ನನ್ನ ಹೆಂಡತಿ ಕಿಟಕಿ ತೆಗೆದಳು. ಭಾವನಿಗೆ ಏನೂ ಗೊತ್ತಾಗಲಿಲ್ಲ, ಎರಡು ಸಲ ಬಡಿಸಿಕೊಂಡರು. ಆಂಡ್ರೋಸ್ಟಿನೋನ್ ವಾಸನೆ ಕೆಲವರ ಮೂಗಿಗೆ ತಟ್ಟುವುದೇ ಇಲ್ಲ.

ಕೊಬ್ಬು ಪೂರ್ತಿ ತೆಗೆದು, ತೊಡೆಯನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಮೇಲೆ ಪರವಾಗಿಲ್ಲ ಅನ್ನಿಸಿತು. ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಫ್ರೀಜರ್ ನಂಬಬೇಡಿ, ಮಾಂಸದಲ್ಲಿ ಅಡಗಿರುವ ಟ್ರೈಕಿನೆಲ್ಲಾ ಅನ್ನೋ ಪರಾವಲಂಬಿ ಹುಳುಗಳಲ್ಲಿ ಕೆಲವು ಬಗೆ ಚಳಿಗೆ ಸಾಯುವುದಿಲ್ಲ.

ಪ್ಯಾಕೆಟ್ ಮೇಲೆ ಯಾವ ಭಾಗದ ಮಾಂಸ ಅಂತ ಬರೆದಿರಲಿಲ್ಲ, ಅದೊಂದು ಕಿರಿಕಿರಿ. ತಿನ್ನೋಕೆ ಅಂತ ಹೋಗುವವರು ಕೋರೆ ನೋಡಿ ಮರುಳಾಗದೆ ಎಳೆ ಹೆಣ್ಣು ಹಂದಿ ಕೇಳಿ.