ಒಂದೇ ಕಚೇರಿ, ಹಲವು ಡೆಸ್ಕ್‌ಟಾಪ್: ಯಾರ ಕೆಲಸಕ್ಕೆ ಯಾವುದು ಒಗ್ಗಿತು

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಬಹಳ ಮೊದಲೇ ಗೊತ್ತಿತ್ತು. ಆದರೂ ಹುಬ್ಬಳ್ಳಿಯಲ್ಲಿ ನಾನು ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸಿವಿಲ್ ಎಂಜಿನಿಯರಿಂಗ್ ಸಲಹಾ ಕಚೇರಿಯಲ್ಲಿ ಒಂದೊಂದೇ ಯಂತ್ರವನ್ನು ಪಟ್ಟಿ ಮಾಡುತ್ತ ಹೋದಾಗಲಷ್ಟೇ, ಅರ್ಧಕ್ಕಿಂತ ಹೆಚ್ಚು ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲವೆಂಬುದು ಸ್ಪಷ್ಟವಾಯಿತು. ಕೆಲವದರಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಲಿಲ್ಲ, ಹಲವದರ ಪ್ರೊಸೆಸರ್ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯದಾಗಿತ್ತು. ಪರದೆ, ಕೀಲಿಮಣೆ, ಮೌಸ್ ಎಲ್ಲವೂ ಸುಸ್ಥಿತಿಯಲ್ಲಿದ್ದ ಐವತ್ತರಷ್ಟು ಯಂತ್ರಗಳಲ್ಲಿ ಅರ್ಧವನ್ನು ಗುಜರಿಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಅವುಗಳಲ್ಲಿ ಡೆಬಿಯನ್ ಎಂಬ ಉಚಿತ ಲಿನಕ್ಸ್ ಕಾರ್ಯವ್ಯವಸ್ಥೆ ಹಾಕಿ, ಅವನ್ನು ಬರೀ ಪರದೆ ಮತ್ತು ಕೀಲಿಮಣೆಯಾಗಿ ಉಳಿಸಿಕೊಂಡು, ಡೆಸ್ಕ್‌ಟಾಪನ್ನು ಬೇರೆಡೆ ಓಡಿಸುವುದೆಂದು ತೀರ್ಮಾನವಾಯಿತು. ಆ 'ಬೇರೆಡೆ' ಎಲ್ಲಿ, ಯಾವ ರೂಪದಲ್ಲಿ ಎಂಬುದನ್ನು ಪರೀಕ್ಷಿಸುವುದರಲ್ಲಿ ಸುಮಾರು ಎಂಟು ತಿಂಗಳು ಹೋಯಿತು.

ಮುಖ್ಯ ಪೈಪೋಟಿ ಇದ್ದದ್ದು ಎರಡು ದಾರಿಗಳ ನಡುವೆ. ಒಂದು, ವಿಂಡೋಸ್ ಸರ್ವರ್ 2022ರ ರಿಮೋಟ್ ಡೆಸ್ಕ್‌ಟಾಪ್ ಸೇವೆ: ಒಂದೇ ವಿಂಡೋಸ್ ಓಡುತ್ತದೆ, ಅದರೊಳಗೆ ಪ್ರತಿಯೊಬ್ಬರಿಗೂ ಒಂದೊಂದು ಸೆಷನ್, ಅಂದರೆ ತಮ್ಮದೇ ಡೆಸ್ಕ್‌ಟಾಪಿನ ಒಂದು ಪಾಲು, ಸಿಗುತ್ತದೆ. ಇನ್ನೊಂದು ವಿಡಿಐ (ವರ್ಚುವಲ್ ಡೆಸ್ಕ್‌ಟಾಪ್ ಇನ್‌ಫ್ರಾಸ್ಟ್ರಕ್ಚರ್): ಪ್ರತಿಯೊಬ್ಬರಿಗೂ ಪೂರ್ತಿ ಬೇರೆಯದೇ ಆದ ವರ್ಚುವಲ್ ಯಂತ್ರ (ಸರ್ವರ್‌ನೊಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್), ಅದರಲ್ಲಿ ಅವರದೇ ವಿಂಡೋಸ್ 11. ಇದಕ್ಕೆ ನಾನು ಇಂಥ ಯಂತ್ರಗಳನ್ನು ನಡೆಸುವ, ಲಿನಕ್ಸ್‌ನ ಕೆವಿಎಂ ಆಧಾರಿತ ಪ್ರಾಕ್ಸ್‌ಮಾಕ್ಸ್ ತಂತ್ರಾಂಶ ಬಳಸಿದೆ. ಇದೇ ಕೆಲಸದ ದೊಡ್ಡ ವಾಣಿಜ್ಯ ತಂತ್ರಾಂಶಗಳಾದ ಹೊರೈಜಾನ್ ಮತ್ತು ಸಿಟ್ರಿಕ್ಸ್‌ಗಳನ್ನು ಬೇಕೆಂದೇ ಪರೀಕ್ಷೆಗೆ ತೆಗೆದುಕೊಳ್ಳಲಿಲ್ಲ. ಸಾವಿರಾರು ಬಳಕೆದಾರರನ್ನು ಹಲವು ಸರ್ವರ್‌ಗಳಿಗೆ ಹಂಚುವ ಕೆಲಸದಲ್ಲಿ ಅವುಗಳ ಶಕ್ತಿ ನಿಜವಾಗಿ ಕಾಣುತ್ತದೆ. ಐವತ್ತು ಜನರ ಕಚೇರಿಯಲ್ಲಿ ಆ ಶಕ್ತಿಗೆ ಕೆಲಸವೇ ಇರುವುದಿಲ್ಲ.

ಮೊದಲು ಲೆಕ್ಕಪತ್ರ, ಪತ್ರವ್ಯವಹಾರ ಮತ್ತು ದತ್ತಾಂಶ ನಮೂದಿಸುವ 22 ಜನರನ್ನು ಸೆಷನ್ ಸರ್ವರ್‌ಗೆ ತಂದೆ. ಪರವಾನಗಿ ಕೊಳ್ಳುವ ಮೊದಲು ಸಿಗುವ 120 ದಿನಗಳ ಅವಧಿ ಈ ಪರೀಕ್ಷೆಗೆ ಧಾರಾಳವಾಗಿ ಸಾಕಾಯಿತು. 128 ಜಿಬಿ ಮೆಮೊರಿಯ ಸರ್ವರ್‌ನಲ್ಲಿ ಟ್ಯಾಲಿ, ಎಕ್ಸೆಲ್ ಮತ್ತು ಬ್ರೌಸರ್ ತೆರೆದಿಟ್ಟ 22 ಜನ ಕುಳಿತರೂ ಜಾಗ ಉಳಿಯುತ್ತಿತ್ತು. ಅದೇ ಯಂತ್ರವನ್ನು ವಿಡಿಐಗೆ ಕೊಟ್ಟು ತಲಾ 8 ಜಿಬಿ ಹಂಚಿದಾಗ 15 ಜನರಿಗೇ 120 ಜಿಬಿ ಮುಗಿಯಿತು. ವೆಚ್ಚದ ಮಾತು ಬಂದಾಗ ಈ ಲೆಕ್ಕವನ್ನು ಮೊದಲು ನೋಡಬೇಕು: ಸೆಷನ್‌ನಲ್ಲಿ ಕಾರ್ಯವ್ಯವಸ್ಥೆಯ ಭಾರವನ್ನು ಎಲ್ಲರೂ ಸೇರಿ ಒಮ್ಮೆ ಹೊರುತ್ತಾರೆ, ವಿಡಿಐನಲ್ಲಿ ಪ್ರತಿಯೊಬ್ಬರೂ ಬೇರೆಬೇರೆಯಾಗಿ ಹೊರುತ್ತಾರೆ. ತಂತ್ರಾಂಶದ ಸುಧಾರಣೆಗಳನ್ನು (ಅಪ್‌ಡೇಟ್) ಒಂದೇ ಸಲ ಹಾಕಿದರೆ ಸಾಕು ಎಂಬ ಅನುಕೂಲವೂ ಸೆಷನ್‌ಗೇ ಇದೆ. ಒಬ್ಬರ ಬ್ರೌಸರ್ ಪ್ರೊಸೆಸರನ್ನೆಲ್ಲ ನುಂಗುವುದೆಂಬ ಭಯ ನನಗಿತ್ತು. ಆದರೆ ವಿಂಡೋಸ್ ಸರ್ವರ್ ಪ್ರೊಸೆಸರ್ ಸಮಯವನ್ನು ಸೆಷನ್‌ಗಳ ನಡುವೆ ಸಮವಾಗಿ ಹಂಚುವುದರಿಂದ ಪಕ್ಕದವರಿಗೆ ಅದರ ಬಿಸಿ ಅಷ್ಟಾಗಿ ತಟ್ಟಲಿಲ್ಲ.

ತೊಡಕು ಬಂದದ್ದು ನಾನು ನಿರೀಕ್ಷಿಸದ ಕಡೆಯಿಂದ. ತೆರಿಗೆ ವಿವರ ಸಲ್ಲಿಸಲು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬೇಕಾಗುತ್ತದೆ. ಎಲ್ಲರಿಗೂ ಅನುಕೂಲವಾಗಲೆಂದು ಅದನ್ನು ಸರ್ವರ್‌ಗೇ ಚುಚ್ಚಿದೆ. ಸೆಷನ್ ಒಳಗಿಂದ ನೋಡಿದರೆ ಟೋಕನ್ ಇಲ್ಲವೇ ಇಲ್ಲ. ವಿಂಡೋಸ್‌ನ ಲೆಕ್ಕದಲ್ಲಿ ಇಂಥ ಟೋಕನ್ ಒಂದು ಸ್ಮಾರ್ಟ್ ಕಾರ್ಡ್. ರಿಮೋಟ್ ಸೆಷನ್‌ಗೆ ಕಾಣುವುದು ಬಳಕೆದಾರರ ಮುಂದಿರುವ ಯಂತ್ರಕ್ಕೆ ಜೋಡಿಸಿದ ಸ್ಮಾರ್ಟ್ ಕಾರ್ಡ್ ಮಾತ್ರ. ಸರ್ವರ್‌ಗೆ ನೇರವಾಗಿ ಚುಚ್ಚಿದ್ದು ಅದಕ್ಕೆ ಕಾಣದಂತೆ ವಿಂಡೋಸನ್ನು ರೂಪಿಸಲಾಗಿದೆ. ಟೋಕನ್ನನ್ನು ಲೆಕ್ಕಿಗರ ಮೇಜಿನ ಮೇಲಿದ್ದ ಡೆಬಿಯನ್ ಯಂತ್ರಕ್ಕೆ ಚುಚ್ಚಿ, ಸಂಪರ್ಕ ತಂತ್ರಾಂಶದಲ್ಲಿ ಸ್ಮಾರ್ಟ್ ಕಾರ್ಡ್ ರವಾನೆಯನ್ನು ಚಾಲೂ ಮಾಡಿ, ಟೋಕನ್ನಿನ ಡ್ರೈವರನ್ನು ಸರ್ವರ್‌ನಲ್ಲಿ ಹಾಕಿದ ಮೇಲೆ ಸಹಿ ಬಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಇಬ್ಬರು ಲೆಕ್ಕಿಗರು ಒಂದೇ ಹೊತ್ತಿಗೆ ಸಹಿ ಹಾಕಲು ಕುಳಿತ ದಿನ ಒಬ್ಬರದು ಸಾಗಿತು, ಇನ್ನೊಬ್ಬರದು ದೋಷ ತೋರಿಸಿ ನಿಂತಿತು. ಬ್ರೌಸರ್ ಜೊತೆ ಮಾತಾಡಲು ಸಹಿಯ ಕಿರು ತಂತ್ರಾಂಶ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಯಂತ್ರ ತನ್ನನ್ನೇ ಕರೆಯುವ ವಿಳಾಸದಲ್ಲಿ, ಒಂದು ಪೋರ್ಟ್ (ಸಂಪರ್ಕದ ಬಾಗಿಲು) ತೆರೆದು ಕಾಯುತ್ತದೆ. ಸೆಷನ್‌ಗಳು ಇಪ್ಪತ್ತೆರಡಾದರೂ ಯಂತ್ರ ಒಂದೇ, ಲೋಕಲ್‌ಹೋಸ್ಟ್ ಕೂಡ ಒಂದೇ. ಮೊದಲು ಬಂದವರು ಪೋರ್ಟ್ ಹಿಡಿದರೆ ಎರಡನೆಯವರಿಗೆ ಬಾಗಿಲಿಲ್ಲ. ಒಬ್ಬರೇ ಕೂರುವ ಕಂಪ್ಯೂಟರಿಗೆಂದು ಬರೆದ ತಂತ್ರಾಂಶವನ್ನು ಹಂಚಿಕೊಂಡ ಯಂತ್ರದಲ್ಲಿ ಓಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಸಹಿ ಹಾಕುವ ಆ ಇಬ್ಬರನ್ನು ಮಾತ್ರ ವಿಡಿಐಗೆ ಸಾಗಿಸಿದೆ. ಪ್ರತ್ಯೇಕ ಯಂತ್ರವಾದದ್ದರಿಂದ ಅಲ್ಲಿ ಪೋರ್ಟಿನ ಜಗಳವೇ ಹುಟ್ಟಲಿಲ್ಲ.

ಅಂದಿನಿಂದ ನನ್ನ ಆಯ್ಕೆಯ ಕ್ರಮವೇ ಬದಲಾಯಿತು. ಹುದ್ದೆಯ ಹೆಸರು ನೋಡಿ ತಂತ್ರಜ್ಞಾನ ಹಂಚುವುದನ್ನು ಬಿಟ್ಟು, ಪ್ರತಿಯೊಬ್ಬರ ಪಕ್ಕದಲ್ಲಿ ಅರ್ಧ ದಿನ ಕುಳಿತು, ಅವರ ಯಂತ್ರಕ್ಕೆ ಏನೇನು ಜೋಡಣೆಯಾಗಿದೆ, ಪಕ್ಕದವರ ಯಂತ್ರಕ್ಕಿಂತ ಅದು ಯಾವ ರೀತಿ ಬೇರೆ, ನಾಳೆ ಬೆಳಿಗ್ಗೆಯೂ ಹಾಗೆಯೇ ಉಳಿದಿರಬೇಕಾದದ್ದು ಏನು ಎಂದು ಬರೆದುಕೊಳ್ಳತೊಡಗಿದೆ. ಎಲ್ಲರಿಗೂ ಮೊದಲು ಸೆಷನ್. ಅದರಿಂದ ಹೊರತರಲು ಕೈಗೆ ಸಿಗುವಂಥ ಒಂದು ಕಾರಣ ಇರಬೇಕು ಎಂಬುದು ಈಗ ನನ್ನ ದೃಢ ಅಭಿಪ್ರಾಯ.

ಹಾಗೆ ಕುಳಿತಾಗ ಗಮನಕ್ಕೆ ಬಂದದ್ದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ವಿಂಡೋಸ್ 11 ಇರುವ ಯಂತ್ರಕ್ಕೆ ಜೋಡಿಸಿದ್ದ ಅದು ಸೆಷನ್‌ನಲ್ಲಿ, ಮುಂದಿರುವ ಯಂತ್ರದ ಪ್ರಿಂಟರನ್ನು ಸೆಷನ್‌ಗೆ ಒದಗಿಸುವ ಈಸಿ ಪ್ರಿಂಟ್ ಮೂಲಕ ತಾನಾಗಿಯೇ ಕಾಣಿಸಿತು, ಮುದ್ರಣವೂ ಆಯಿತು. ಆದರೆ ಬಿಲ್ಲು ಅಕ್ಷರಗಳಾಗಿ ಹೋಗದೆ ಚಿತ್ರವಾಗಿ ಹೋಗುತ್ತಿದ್ದ ಕಾರಣ, ಮುದ್ರಣದ ತಲೆ ಒಂದೊಂದು ಸಾಲಿನ ಮೇಲೂ ಹಲವು ಸಲ ಓಡಾಡಿ, ಹಿಂದೆ ಕ್ಷಣದಲ್ಲಿ ಬರುತ್ತಿದ್ದ ಬಿಲ್ಲಿಗೆ ನಿಮಿಷ ಹಿಡಿಯುತ್ತಿತ್ತು. ಮೂರನೆಯ ಕಾರ್ಬನ್ ಪ್ರತಿಯಲ್ಲಿ ಅಂಕಿಗಳು ಮಸುಕಾಗಿ ಬೀಳುತ್ತಿದ್ದವು. ಪ್ರಿಂಟರನ್ನು ನೇರವಾಗಿ ಕಚೇರಿಯ ನೆಟ್‌ವರ್ಕಿಗೆ ಸೇರಿಸಿ, ಅದರ ಮೂಲ ಡ್ರೈವರನ್ನೇ ಸರ್ವರ್‌ನಲ್ಲಿ ಹಾಕಿದ ನಂತರ ಹಳೆಯ ವೇಗ ಮರಳಿತು. ಇದೊಂದಕ್ಕಾಗಿ ವಿಡಿಐಗೆ ಹೋಗುವ ಅಗತ್ಯ ಬೀಳಲಿಲ್ಲ.

ಕನ್ನಡ ಟೈಪಿಂಗ್ ಬಗ್ಗೆ ಬೇರೆಯಾಗಿ ಹೇಳಲೇಬೇಕು, ಏಕೆಂದರೆ ಹೊರಗಿನ ಯಾವ ಕೈಪಿಡಿಯೂ ಇದನ್ನು ಹೇಳಿಕೊಡುವುದಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಪತ್ರ ಬರೆಯುವ ನಮ್ಮ ಸಿಬ್ಬಂದಿ ನುಡಿ ವಿನ್ಯಾಸದಲ್ಲಿ ಬೆರಳು ಪಳಗಿಸಿದವರು. ಅದರಲ್ಲಿ ಒತ್ತಕ್ಷರ ಬರುವುದು 'ಎಫ್' ಕೀಲಿಯಿಂದ. ಮುಂದಿರುವ ವಿಂಡೋಸ್ ಯಂತ್ರದಲ್ಲಿಯೂ ಸೆಷನ್ ಒಳಗೂ ಟೈಪಿಂಗ್ ತಂತ್ರಾಂಶ ಚಾಲೂ ಇದ್ದ ದಿನ ಒಂದೇ ಕೀಲಿಯನ್ನು ಇಬ್ಬರು ಹಿಡಿಯುವಂತಾಗಿ, 'ರಸ್ತೆ' ಎಂದು ಹೊಡೆದರೆ 'ರಸತೆ' ಎಂದು ಮೂಡಿತು. ಮುಂದಿನ ಯಂತ್ರದಲ್ಲಿ ಅದನ್ನು ಪೂರ್ತಿ ನಿಲ್ಲಿಸಿ ಸೆಷನ್ ಒಳಗೆ ಮಾತ್ರ ಓಡಿಸಿದರೆ ತೊಂದರೆಯಿಲ್ಲ. ಅಕ್ಷರ ಮೂಡುವುದು ಸರ್ವರ್‌ನಲ್ಲಿಯೇ ಆದ್ದರಿಂದ ಫಾಂಟುಗಳನ್ನು ಅಲ್ಲಿ ಒಮ್ಮೆ ಹಾಕಿದರೆ ಸಾಕು. ಯುನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಸಿದ್ಧವಾದ ಹಳೆಯ ಕಡತಗಳು ಯಾರ ಮೇಜಿನಲ್ಲಿ ತೆರೆದರೂ ಸರಿಯಾಗಿ ಕಾಣತೊಡಗಿದ್ದು ಇದೇ ಮೊದಲು, ಅದರಿಂದ ಎಲ್ಲರಿಗೂ ಸಂತೋಷವಾಯಿತು.

ವಿಡಿಐಯನ್ನು ನಾನು ಕೀಳಾಗಿ ಕಾಣುತ್ತಿಲ್ಲ. ಅಂದಾಜುಪಟ್ಟಿ ತಯಾರಿಸುವ ಎಂಜಿನಿಯರುಗಳು ವಾರಕ್ಕೊಂದು ಹೊಸ ತಂತ್ರಾಂಶ ಹಾಕುತ್ತಾರೆ, ತೆಗೆಯುತ್ತಾರೆ, ಅದಕ್ಕೆ ನಿರ್ವಾಹಕರ ಹಕ್ಕು ಬೇಕು. ಹಂಚಿಕೊಂಡ ಸರ್ವರ್‌ನಲ್ಲಿ ಆ ಹಕ್ಕು ಕೊಟ್ಟರೆ ಒಬ್ಬರ ಪ್ರಯೋಗ ಎಲ್ಲರ ಕೆಲಸ ಕೆಡಿಸೀತು. ತಮ್ಮದೇ ಯಂತ್ರದಲ್ಲಿ ಅವರು ಏನನ್ನಾದರೂ ಕೆಡಿಸಿಕೊಂಡರೆ ಹಿಂದಿನ ದಿನದ ಸ್ನ್ಯಾಪ್‌ಶಾಟ್‌ಗೆ (ಯಂತ್ರದ ಆ ಹೊತ್ತಿನ ಸ್ಥಿತಿಗೆ) ಮರಳಿಸಲು ಎರಡು ನಿಮಿಷ ಸಾಕು. ಆದರೆ ಡಿಸ್ಕಿನ ವಿಷಯದಲ್ಲಿ ಜಿಪುಣತನ ಸಲ್ಲದು. ಆರಂಭದಲ್ಲಿ ತಿರುಗುವ ಹಾರ್ಡ್ ಡಿಸ್ಕ್‌ಗಳ ಮೇಲೆ 15 ಯಂತ್ರಗಳನ್ನಿಟ್ಟಿದ್ದಾಗ, ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಒಟ್ಟಿಗೆ ತೆರೆಯಲು ಹೋಗಿ ಹತ್ತು ಗಂಟೆಯವರೆಗೆ ಯಾರಿಗೂ ಕೆಲಸ ಶುರುವಾಗುತ್ತಿರಲಿಲ್ಲ. ತಿರುಗುವ ಭಾಗಗಳಿಲ್ಲದ, ಬಹಳ ವೇಗದ ಎನ್‌ವಿಎಂಇ ಡಿಸ್ಕ್ ಹಾಕಿ, ವೈರಸ್ ತಪಾಸಣೆಯ ವೇಳೆಯನ್ನು ಒಂದೊಂದು ಯಂತ್ರಕ್ಕೆ ಬೇರೆಬೇರೆ ಮಾಡಿದ ಮೇಲೆ ಆ ಬಾಧೆ ತಪ್ಪಿತು. ಇನ್ನೊಂದು ಮಾತು: ಸರ್ವರ್‌ನಲ್ಲಿ ಓಡುವ ವಿಂಡೋಸ್ 11ನ್ನು ಡೆಬಿಯನ್ ಯಂತ್ರದಿಂದ ಬಳಸಲು ವಿಡಿಎ ಎಂಬ ಮೈಕ್ರೋಸಾಫ್ಟ್ ಪರವಾನಗಿ ಅಥವಾ ಅದನ್ನು ಒಳಗೊಂಡ ಚಂದಾ ಬೇಕು. ಪ್ರಾಕ್ಸ್‌ಮಾಕ್ಸ್ ಉಚಿತವೆಂದು ಈ ವೆಚ್ಚವನ್ನು ಮರೆತು ಲೆಕ್ಕ ಹಾಕುವವರೇ ಹೆಚ್ಚು.

ನಕ್ಷೆ ಬಿಡಿಸುವ ನಾಲ್ವರಿಗೆ ಸೆಷನ್ ಸರ್ವರ್ ಒಗ್ಗಲಿಲ್ಲ, ಗ್ರಾಫಿಕ್ಸ್ ಕಾರ್ಡ್ ಇಲ್ಲದಲ್ಲಿ ಅದನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ. ಒಂದು ಕಾರ್ಡನ್ನು ಪೂರ್ತಿಯಾಗಿ ಒಂದೇ ವರ್ಚುವಲ್ ಯಂತ್ರಕ್ಕೆ ಬಿಟ್ಟುಕೊಟ್ಟಾಗ ವೇಗ ಸರಿಯಾಯಿತು, ಆದರೂ ಅವರ ತಕರಾರು ನಿಲ್ಲಲಿಲ್ಲ. ಪಕ್ಕದಲ್ಲಿ ಕುಳಿತು ನೋಡಿದಾಗ ಕಾರಣ ತಿಳಿಯಿತು: ಕಪ್ಪು ಹಿನ್ನೆಲೆಯ ಮೇಲಿನ ತೆಳುವಾದ ಕೆಂಪು ಗೆರೆಗಳು ಕದಡಿದಂತೆ ಕಾಣುತ್ತಿದ್ದವು. ಪರದೆಯನ್ನು ವಿಡಿಯೊದಂತೆ ಕುಗ್ಗಿಸಿ ಕಳಿಸುವಾಗ 4:2:0 ಕ್ರಮದಲ್ಲಿ ಬಣ್ಣದ ವಿವರವನ್ನು ಬೆಳಕಿನ ವಿವರದ ಕಾಲು ಭಾಗಕ್ಕೆ ಇಳಿಸಲಾಗುತ್ತದೆ. ಸಿನಿಮಾ ನೋಡುವ ಕಣ್ಣಿಗೆ ಅದು ತಿಳಿಯುವುದಿಲ್ಲ, ಒಂದು ಪಿಕ್ಸೆಲ್ ಅಗಲದ ಗೆರೆ ನೋಡುವ ಕಣ್ಣಿಗೆ ತಕ್ಷಣ ತಿಳಿಯುತ್ತದೆ. ಬಣ್ಣದ ವಿವರವನ್ನು ಇಳಿಸದ ಎವಿಸಿ 4:4:4 ಕ್ರಮವನ್ನು ಚಾಲೂ ಮಾಡಿದಾಗ ಗೆರೆಗಳು ಚೂಪಾದವು. ಕೊನೆಗೆ ನಾಲ್ಕು ಕಾರ್ಡುಗಳ ಬೆಲೆ ನೋಡಿ, ಅವರ ಮೇಜಿನ ವರ್ಕ್‌ಸ್ಟೇಷನ್‌ಗಳನ್ನೇ ಉಳಿಸಿ, ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಅದೇ ಯಂತ್ರಕ್ಕೆ 4:4:4 ಕ್ರಮದಲ್ಲಿ ಸಂಪರ್ಕ ಕೊಟ್ಟೆ. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ಮಾತ್ರ ಎಂದೂ ನೇರವಾಗಿ ಇಂಟರ್ನೆಟ್‌ಗೆ ತೆರೆದಿಲ್ಲ. ಹೊರಗಿನಿಂದ ಬರುವವರೆಲ್ಲರೂ 443 ಪೋರ್ಟಿನ ಗೇಟ್‌ವೇ (ಕಾವಲು ಸರ್ವರ್) ದಾಟಿಯೇ ಬರಬೇಕು.

ಕಲಬುರಗಿ ಶಾಖೆಯ ನಾಲ್ವರಿಗೂ ಲೆಕ್ಕ ಪರಿಶೋಧನೆಗೆ ಮೂರು ತಿಂಗಳು ಬರುವವರಿಗೂ ಮೋಡದ (ಕ್ಲೌಡ್) ಡೆಸ್ಕ್‌ಟಾಪ್, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಡೆಸ್ಕ್‌ಟಾಪ್, ಪರೀಕ್ಷಿಸಿದೆ. ಎರಡೂ ಮೈಕ್ರೋಸಾಫ್ಟಿನವೇ: ಅಜೂರ್ ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಬಳಸಿದಷ್ಟಕ್ಕೆ ಹಣ, ವಿಂಡೋಸ್ 365ರಲ್ಲಿ ತಿಂಗಳಿಗೆ ನಿಗದಿತ ಹಣ. ಪುಣೆಯ ದತ್ತಾಂಶ ಕೇಂದ್ರದಿಂದ ಎರಡೂ ಕಲಬುರಗಿಯಲ್ಲಿ ಟೈಪಿಂಗ್‌ಗೆ ಹಿತವಾಗಿದ್ದವು. ಅಜೂರ್‌ನಲ್ಲಿ ಒಂದು ಎಚ್ಚರ ಬೇಕು: ವಿಂಡೋಸ್ ಒಳಗಿನಿಂದ ಶಟ್‌ಡೌನ್ ಮಾಡಿದರೆ ಯಂತ್ರ ನಿಂತಂತೆ ಕಂಡರೂ ಕಾಯ್ದಿಟ್ಟ ಸಂಪನ್ಮೂಲ ಬಿಡುಗಡೆಯಾಗುವುದಿಲ್ಲ, ಬಾಡಿಗೆ ಏರುತ್ತಲೇ ಇರುತ್ತದೆ. ನಮಗೆ ಒಂದು ವಾರಾಂತ್ಯದ ಬಿಲ್ಲು ಹಾಗೆ ಬಂದ ಮೇಲೆ ಬಿಡುಗಡೆಯನ್ನು ಸ್ವಯಂಚಾಲಿತಗೊಳಿಸಿದೆ. ದಿನಕ್ಕೆ ಮೂರು ನಾಲ್ಕು ಗಂಟೆ ಕೂರುವ ಪರಿಶೋಧಕರಿಗೆ ಅಜೂರ್ ಅಗ್ಗವಾಯಿತು. ಕಲಬುರಗಿಯ ನಾಲ್ವರು ಹುಬ್ಬಳ್ಳಿಯ ಸೆಷನ್ ಸರ್ವರ್‌ಗೇ ಬಂದರು. ಅಲ್ಲಿ ಕರೆಂಟು ಹೋದರೂ ಇಲ್ಲಿ ತೆರೆದಿಟ್ಟ ಎಕ್ಸೆಲ್ ಹಾಗೆಯೇ ಇರುತ್ತದೆ, ಕರೆಂಟು ಬಂದು ಮತ್ತೆ ಸೇರಿದಾಗ ಕರ್ಸರ್ ಬಿಟ್ಟ ಕೋಶದಲ್ಲೇ ಕಾಯುತ್ತಿರುತ್ತದೆ ಎಂಬುದನ್ನು ಕಂಡ ಮೇಲೆ ಅವರು ಬೇರೆಯದನ್ನು ಕೇಳಲಿಲ್ಲ.

ಉಳಿದವರು ಸರ್ವೇಯರುಗಳು. ಅವರ ಬಳಿ ಹಳೆಯದೊಂದು ಟೋಟಲ್ ಸ್ಟೇಷನ್ (ನೆಲದ ಮೇಲಿನ ದೂರ, ಕೋನ ಅಳೆಯುವ ಉಪಕರಣ) ಇದೆ. ಅದರಿಂದ ಅಳತೆಗಳನ್ನು ಇಳಿಸಿಕೊಳ್ಳುವ ತಂತ್ರಾಂಶ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಓಡುತ್ತದೆ, ಸೀರಿಯಲ್ ಕೇಬಲ್ ಬೇಡುತ್ತದೆ. ದಾಂಡೇಲಿ ಕಡೆಯ ಕಾಡಿನಲ್ಲಿ ನೆಟ್‌ವರ್ಕ್ ಸಿಗದಿರುವಾಗ ಸರ್ವರ್, ಮೋಡ ಎರಡೂ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಪೈಪೋಟಿ ಇದ್ದದ್ದು ಲ್ಯಾಪ್‌ಟಾಪ್ ಒಳಗೇ ವರ್ಚುವಲ್ ಯಂತ್ರ ಓಡಿಸುವ ಹೈಪರ್-ವಿ ಮತ್ತು ವರ್ಚುವಲ್‌ಬಾಕ್ಸ್ ನಡುವೆ. ಸೀರಿಯಲ್ ಕೇಬಲನ್ನು ಲ್ಯಾಪ್‌ಟಾಪಿಗೆ ಯುಎಸ್‌ಬಿ ಪರಿವರ್ತಕದ ಮೂಲಕ ಜೋಡಿಸಬೇಕಿತ್ತು. ಯುಎಸ್‌ಬಿ ಸಾಧನವನ್ನು ನೇರವಾಗಿ ಒಳಗಿನ ಯಂತ್ರಕ್ಕೆ ದಾಟಿಸುವ ಸೌಲಭ್ಯ ಹೈಪರ್-ವಿಯಲ್ಲಿ ಇಲ್ಲದ್ದರಿಂದ ವರ್ಚುವಲ್‌ಬಾಕ್ಸ್ ಆರಿಸಿದೆ. ಎಕ್ಸ್‌ಪಿಯ ಬೆಂಬಲ 2014ರಲ್ಲೇ ಮುಗಿದಿರುವ ಕಾರಣ ಆ ಯಂತ್ರಕ್ಕೆ ನೆಟ್‌ವರ್ಕ್ ಕಾರ್ಡೇ ಇಲ್ಲದಂತೆ ಮಾಡಿ, ಕಡತಗಳು ಒಂದು ಹಂಚಿಕೆಯ ಫೋಲ್ಡರ್ ಮೂಲಕವಷ್ಟೇ ಹೊರಬರುವಂತೆ ಇಟ್ಟಿದ್ದೇನೆ. ಹೋದ ಮಳೆಗಾಲದಲ್ಲಿ ಲ್ಯಾಪ್‌ಟಾಪ್ ನೀರು ಕುಡಿದು ಕೆಟ್ಟಿತು. ಪೆನ್‌ಡ್ರೈವ್‌ನಲ್ಲಿದ್ದ ಆ ಯಂತ್ರದ ಪ್ರತಿಯನ್ನು ಸಂಜೆ ಬೇರೆ ಲ್ಯಾಪ್‌ಟಾಪಿಗೆ ನಕಲಿಸಿ ಕೇಬಲ್ ಜೋಡಿಸಿದಾಗ ಟೋಟಲ್ ಸ್ಟೇಷನ್ ಮೊದಲ ಯತ್ನದಲ್ಲೇ ಉತ್ತರಿಸಿತು, ಸರ್ವೇಯರ್ ಮರುದಿನ ಬೆಳಗಿನ ಬಸ್ಸಿಗೆ ಸೈಟಿಗೆ ಹೊರಟರು.