ವಂಶವೃಕ್ಷದ ಬೋರ್ಡು: ಅಚ್ಚು ಅಚ್ಚುಕಟ್ಟು, ಸಂಬಂಧ ಎಡವಟ್ಟು

ರಾಯಚೂರಿನ ಡಿಟಿಪಿ ಅಂಗಡಿಯೊಂದರಲ್ಲಿ ಕಾಲೇಜುಗಳ ಇತಿಹಾಸ ವಿಭಾಗಕ್ಕೆಂದು ಯುರೋಪಿನ ರಾಜವಂಶಗಳ ಬೋರ್ಡು ಮಾಡಿಕೊಡುತ್ತಾರೆ. ಜರ್ಮನಿಯ ಸ್ಯಾಕ್ಸನಿ, ಬವೇರಿಯಾ ಸೀಮೆಗಳ ಡ್ಯೂಕ್ ‘ಸಿಂಹ’ ಹೆನ್ರಿಯದು 4 ಅಡಿ ಅಗಲ, 3 ಅಡಿ ಎತ್ತರ. 5 ಎಂಎಂ ಸನ್‌ಬೋರ್ಡಿಗೆ (ಹಗುರವಾದ ಫೋಮ್ ಹಲಗೆ) ಅಂಟಿಸಿದ ವಿನೈಲ್ ಪ್ರಿಂಟು, ಮೇಲೊಂದು ಮ್ಯಾಟ್ ಲ್ಯಾಮಿನೇಶನ್. ಬಣ್ಣಕ್ಕಾಗಲಿ ಕಟಿಂಗಿಗಾಗಲಿ ಹೆಸರಿಡುವಂತಿಲ್ಲ. ಗ್ಲಾಸಿ ಮಾತ್ರ ಬೇಡ, ಟ್ಯೂಬ್‌ಲೈಟ್ ಹೊಳೆದು ಹಿಂದಿನ ಬೆಂಚಿಗೆ ಏನೂ ಕಾಣುವುದಿಲ್ಲ.

ಎಡವಟ್ಟಾಗಿರುವುದು ಸಂಬಂಧಗಳಲ್ಲಿ. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನನ್ನು ಹೆನ್ರಿಯ ‘ಚಿಕ್ಕಪ್ಪನ ಮಗ’ ಎಂದು ಬರೆದುಬಿಟ್ಟಿದ್ದಾರೆ. ಎಲ್ಲ ‘ಕಸಿನ್’ ಎಂಬ ಪದದ ಕಿತಾಪತಿ. ಬಾರ್ಬರೋಸನ ತಾಯಿ ಜೂಡಿತ್, ಹೆನ್ರಿಯ ತಂದೆ ‘ಗರ್ವಿ’ ಹೆನ್ರಿಯ ಒಡಹುಟ್ಟಿದವಳು. ಅಂದಮೇಲೆ ಆತ ಸೋದರತ್ತೆಯ ಮಗ. ದಾಯಾದಿಯಲ್ಲ, ಬೇರೆ ಮನೆತನದವನು. ಇದು ತಪ್ಪಿದರೆ 6ನೇ ವೆಲ್ಫ್‌ನ ಆಸ್ತಿ ವ್ಯವಹಾರ ತಲೆಗೇ ಹತ್ತುವುದಿಲ್ಲ. ವೆಲ್ಫ್ ಹೆನ್ರಿಗೆ ಚಿಕ್ಕಪ್ಪ, ಬಾರ್ಬರೋಸನಿಗೆ ಸೋದರಮಾವ. 1167ರಲ್ಲಿ ಅವನ ಒಬ್ಬನೇ ಮಗ ತೀರಿಕೊಂಡ. ದುಡ್ಡು ಕೊಟ್ಟರೆ ಆಸ್ತಿ ಅಣ್ಣನ ಮಗನಿಗೆ ಎಂದು ಮಾತಾದರೂ ಹೆನ್ರಿ ಅದನ್ನು ಕೊಡದೆ ಸತಾಯಿಸಿದ. ಮುದುಕ ಸೋದರಳಿಯನಿಗೆ ಬರೆದುಕೊಟ್ಟ. 1180ರಲ್ಲಿ ಅದೇ ಬಾರ್ಬರೋಸ ಹೆನ್ರಿಯಿಂದ ಎರಡೂ ಸೀಮೆಗಳನ್ನು ಕಿತ್ತುಕೊಂಡ.

ಹೆನ್ರಿಯ ಮೊದಲ ಹೆಂಡತಿ ಕ್ಲೆಮೆನ್ಷಿಯಾ ಬೋರ್ಡಿನಲ್ಲಿ ಇಲ್ಲವೇ ಇಲ್ಲ. ಹತ್ತಿರದ ರಕ್ತಸಂಬಂಧವೆಂಬ ಕಾರಣಕ್ಕೆ 1162ರಲ್ಲಿ ಆ ಮದುವೆ ರದ್ದಾಯಿತು (ಅಕ್ಕನ ಮಗಳನ್ನೇ ತಂದುಕೊಳ್ಳುವ ನಮ್ಮ ಕಡೆಯವರಿಗೆ ವಿಚಿತ್ರ ಎನಿಸೀತು). ಆದರೆ ಅವರ ಮಗಳು ಗೆರ್ಟ್ರೂಡ್ ಮುಂದೆ ಡೆನ್ಮಾರ್ಕಿನ ರಾಣಿಯಾದವಳು, ಬಿಡುವಂತಿಲ್ಲ. ಮದುವೆಯ ಜೋಡಿಗೆರೆ ಎಳೆದು ಅದರ ಮೇಲೆ ಎರಡು ಅಡ್ಡಗೀಟು ಹಾಕಿದರೆ ರದ್ದಾದದ್ದು ತಿಳಿಯುತ್ತದೆ. ಎರಡನೆಯವಳು ಇಂಗ್ಲೆಂಡಿನ 2ನೇ ಹೆನ್ರಿಯ ಮಗಳು ಮಟಿಲ್ಡಾ, ಮದುವೆ 1168ರಲ್ಲಿ. ಮಗ 4ನೇ ಒಟ್ಟೊ 1209ರಲ್ಲಿ ಚಕ್ರವರ್ತಿ. ಈ ಕೊಂಬೆ ಸರಿಯಾಗಿದೆ.

ಅಜ್ಜ ಹೆನ್ರಿ, ಅಪ್ಪ ಹೆನ್ರಿ, ತಾನು ಹೆನ್ರಿ, ಹಿರಿಮಗ ಹೆನ್ರಿ, ಮಾವನೂ ಹೆನ್ರಿ. ಬಿರುದೇ ಗುರುತು. ಅದನ್ನೇ 14 ಪಾಯಿಂಟಿನ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ; 36ಕ್ಕಿಂತ ಕಡಿಮೆ ಒಪ್ಪಬೇಡಿ.

ಆರ್ಡರ್ ಕೊಡುವವರು ಯೂನಿಕೋಡ್ ಪಠ್ಯವನ್ನು ವಾಟ್ಸಾಪಿನಲ್ಲಿ ಕಳಿಸಿ ಸುಮ್ಮನಾಗಬಾರದು. ಹಳೆಯ ಕೋರೆಲ್‌ಡ್ರಾದಲ್ಲಿ ‘ಗೆರ್ಟ್ರೂಡ್’ನ ಒತ್ತು, ಅರ್ಕಾವತ್ತು ದಿಕ್ಕಾಪಾಲಾಗುತ್ತವೆ. ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಕನ್ವರ್ಟ್ ಮಾಡಿಸಿ, ಇಲ್ಲವೇ ಪಿಡಿಎಫ್ ಕೊಡಿ. ಎ4 ಹಾಳೆಯಲ್ಲಿ ಪ್ರೂಫ್ ತೆಗೆಸಿ ತಿದ್ದಿ. ವಿನೈಲ್ ಅಂಟಿಸಿದ ಮೇಲೆ ಒಂದಕ್ಷರ ತಿದ್ದಬೇಕೆಂದರೂ ಇಡೀ ಪ್ರಿಂಟಿನ ದುಡ್ಡು. ಇನ್ನು ಪಡುವಣ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ರಾಯಚೂರಿನ ಏಪ್ರಿಲ್‌ಗೆ ಸನ್‌ಬೋರ್ಡ್ ಬಾಗುತ್ತದೆ.