ಡೋರ್‌ಲ್ಯಾಂಡ್ಸ್ ಮೆಡಿಕಲ್ ಡಿಕ್ಷನರಿ: 2006ರಿಂದ ನನ್ನ ಮೇಜಿನ ಮೇಲೆ

2006ರ ಒಂದು ರಾತ್ರಿ ಪಾಳಿ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸಕ್ಕೆ ಸೇರಿ ನನಗೆ ಇನ್ನೂ ಒಂದು ವರ್ಷ ಆಗಿರಲಿಲ್ಲ. ಬೆಂಗಳೂರಿನಲ್ಲಿ ಆಗ ಇಂಥ ಆಫೀಸುಗಳು ಬೇಕಾದಷ್ಟಿದ್ದವು. ಅಮೆರಿಕದ ಡಾಕ್ಟರುಗಳು ಅವರ ಹಗಲಿನಲ್ಲಿ ರೋಗಿಗಳನ್ನು ನೋಡಿ, ಫೋನಿನಲ್ಲೋ ರೆಕಾರ್ಡರಿನಲ್ಲೋ ವರದಿ ಹೇಳಿಡುತ್ತಿದ್ದರು. ನಾವು ಅದನ್ನು ಕೇಳಿ ಟೈಪ್ ಮಾಡಿ, ಅವರು ಮತ್ತೆ ಆಸ್ಪತ್ರೆಗೆ ಬರುವಷ್ಟರಲ್ಲಿ ಕಳಿಸಬೇಕು.

ಆ ರಾತ್ರಿ ನನಗೆ ಬಂದದ್ದು ಹೊಟ್ಟೆನೋವಿನ ಕೇಸು. ಡಾಕ್ಟರು ಒಂದೇ ಉಸಿರಿನಲ್ಲಿ ಹೇಳಿಕೊಂಡು ಹೋಗುತ್ತಿದ್ದರು. 'ಪಾಸಿಟಿವ್' ಅಂತ ಸರಿಯಾಗಿ ಕೇಳಿಸಿತು. 'ಸೈನ್' ಅಂತಲೂ ಕೇಳಿಸಿತು. ನಡುವೆ ಇದ್ದದ್ದು 'ರೌಸಿಂಗ್' ಅಂತಲೋ 'ರೋಸಿಂಗ್' ಅಂತಲೋ ಏನೋ ಒಂದು. ಧ್ವನಿಯನ್ನು ಹಿಂದೆಮುಂದೆ ಓಡಿಸುವ ಕಾಲಿನ ಪೆಡಲ್ ಒತ್ತಿ ಹಿಂದೆ ಹೋದೆ, ವೇಗ ಕಡಿಮೆ ಮಾಡಿದೆ, ಹತ್ತು ಸಲ ಕೇಳಿದೆ. ಆಫೀಸಿನ ಡಿಕ್ಷನರಿ ತಂದು 'ಆರ್' ಅಕ್ಷರದಲ್ಲಿ ಹುಡುಕಿದೆ. 'ಆರ್-ಓ-ಯು' ನೋಡಿದೆ, 'ಆರ್-ಏ-ಯು' ನೋಡಿದೆ, ಸಿಗಲಿಲ್ಲ.

ಪಕ್ಕದಲ್ಲಿದ್ದ ಸೀನಿಯರ್ ಮೇಡಂ ಬಂದು ಕೇಳಿದರು, "ನಿಂಗೆ ಯಾವ ಪದ ಸರಿಯಾಗಿ ಕೇಳಿಸಿದೆ?"

"ಸೈನ್ ಒಂದೇ ಮೇಡಂ."

"ಹಾಗಿದ್ರೆ ಅಲ್ಲೇ ಹೋಗು."

ಅವರು 'ಸೈನ್' ಅನ್ನುವ ಪದದ ಪುಟ ತೆಗೆದರು. ಅದರ ಕೆಳಗೆ ಅಕ್ಷರಮಾಲೆಯ ಕ್ರಮದಲ್ಲಿ ಸಾಲುಸಾಲು ಹೆಸರುಗಳು. 'ಆರ್'ನಿಂದ ಶುರುವಾಗುವವು ಕೆಲವೇ. ಬೆರಳಿಟ್ಟು ಇಳಿದರೆ ರೋವ್‌ಸಿಂಗ್ ಸಿಕ್ಕಿತು. ಹೊಟ್ಟೆಯ ಎಡಗಡೆ ಕೆಳಭಾಗ ಒತ್ತಿದಾಗ ಬಲಗಡೆ ಕೆಳಗೆ ನೋವು ಬಂದರೆ ಅಪೆಂಡಿಸೈಟಿಸ್ ಇರಬಹುದು ಅನ್ನುವ ಗುರುತು ಅದು. ಡೆನ್ಮಾರ್ಕಿನ ಒಬ್ಬ ಸರ್ಜನ್ ಹೆಸರು. ವರದಿಯ ಮುಂದಿನ ಸಾಲಿನಲ್ಲೇ ಡಾಕ್ಟರು ಅಪೆಂಡಿಕ್ಸ್ ವಿಷಯ ಹೇಳುತ್ತಿದ್ದರು. ಮತ್ತೆ ಕೇಳಿದೆ. ಈಗ ಆ ಧ್ವನಿಯಲ್ಲಿ ರೋವ್‌ಸಿಂಗ್ ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ!

ಆ ಡಿಕ್ಷನರಿಯೇ ಡೋರ್‌ಲ್ಯಾಂಡ್ಸ್ ಇಲಸ್ಟ್ರೇಟೆಡ್ ಮೆಡಿಕಲ್ ಡಿಕ್ಷನರಿ. ಅದೇ ತಿಂಗಳು ಅವೆನ್ಯೂ ರೋಡಿಗೆ ಹೋಗಿ 30ನೇ ಆವೃತ್ತಿಯ ಒಂದು ಹಳೆಯ ಪ್ರತಿ ಕೊಂಡೆ. 2012ರಲ್ಲಿ 32ನೇ ಆವೃತ್ತಿಯನ್ನು ಹೊಸದಾಗಿಯೇ ಕೊಂಡೆ. ಇವತ್ತಿಗೂ ಎರಡನ್ನೂ ಬಳಸುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು "ಈಗ ಎಲ್ಲಾ ನೆಟ್‌ನಲ್ಲೇ ಸಿಗುತ್ತಲ್ವಾ, ಪುಸ್ತಕ ಯಾಕೆ?" ಅಂತ ಕೇಳುತ್ತಿರುತ್ತಾರೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ ಬಗ್ಗೆ ಎರಡು ಮಾತು. ನ್ಯೂಮನ್ ಡೋರ್‌ಲ್ಯಾಂಡ್ ಅನ್ನುವ ಅಮೆರಿಕದ ಡಾಕ್ಟರು ಇದನ್ನು 1900ರಲ್ಲಿ ಮೊದಲು ಹೊರತಂದರು. ಆಗಿನಿಂದ ಪರಿಷ್ಕರಣೆ ಆಗುತ್ತಲೇ ಬಂದಿದೆ. ನನ್ನ ಪ್ರತಿಗಳಲ್ಲಿ ಎರಡು ಸಾವಿರದಷ್ಟು ಪುಟಗಳಿವೆ. ತೂಕ ಜಾಸ್ತಿ, ತೊಡೆ ಮೇಲೆ ಇಟ್ಟುಕೊಂಡು ಓದುವ ಪುಸ್ತಕ ಅಲ್ಲ. ಅಕ್ಷರ ಸಣ್ಣದು. ನಲವತ್ತು ದಾಟಿದವರಿಗೆ ಕನ್ನಡಕ ಬೇಕೇ ಬೇಕು.

ಇದರ ನಿಜವಾದ ಶಕ್ತಿ ಜೋಡಣೆಯಲ್ಲಿದೆ. ಎರಡು ಪದದ ಹೆಸರುಗಳ ಅರ್ಥವನ್ನು ಇಲ್ಲಿ ಮುಖ್ಯ ಪದದ ಕೆಳಗೆ ಒಟ್ಟಿಗೆ ಕೊಟ್ಟಿದ್ದಾರೆ. ಸೈನ್, ಟೆಸ್ಟ್, ಸಿಂಡ್ರೋಮ್, ಡಿಸೀಸ್, ರಿಫ್ಲೆಕ್ಸ್, ಫ್ರಾಕ್ಚರ್, ಹೀಗೆ. ಡಾಕ್ಟರು ಹೇಳುವಾಗ ನುಂಗುವುದು ಯಾವಾಗಲೂ ಮೊದಲ ಪದವನ್ನು, ಅಂದರೆ ಮನುಷ್ಯರ ಹೆಸರನ್ನು. ಕೊನೆಯ ಪದ ಸ್ಪಷ್ಟವಾಗಿಯೇ ಇರುತ್ತದೆ. ಸರ್ಚ್ ಎಂಜಿನ್ನಿಗೆ ಹೋದರೆ ಗೊತ್ತಿಲ್ಲದ ಪದವನ್ನೇ ಮೊದಲು ಟೈಪ್ ಮಾಡಬೇಕು. ಈ ಪುಸ್ತಕದಲ್ಲಿ ಗೊತ್ತಿರುವ ಪದದಿಂದ ಹೊರಟು ಗೊತ್ತಿಲ್ಲದ್ದಕ್ಕೆ ಹೋಗಬಹುದು. ನನ್ನ ಮಟ್ಟಿಗೆ ಇದೊಂದೇ ಕಾರಣಕ್ಕೆ ಪುಸ್ತಕದ ಬೆಲೆ ಬಂತು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಮಣಿಕಟ್ಟಿನ ನೋವಿನ ವರದಿ, ಕಾರ್ಪಲ್ ಟನಲ್ ಸಿಂಡ್ರೋಮ್. ಡಾಕ್ಟರು 'ಟನಲ್ ಸೈನ್ ಪಾಸಿಟಿವ್' ಅಂದ ಹಾಗೆ ಕೇಳಿಸಿತು. ವರದಿ ತುಂಬಾ 'ಟನಲ್' ಇರುವಾಗ ಇದೂ ಅದೇ ಅಂತ ಕೈ ತಾನಾಗಿ ಟೈಪ್ ಮಾಡಿಬಿಡುತ್ತದೆ. 'ಸೈನ್' ಪಟ್ಟಿಯಲ್ಲಿ ನೋಡಿದರೆ ಅಂಥದ್ದಿಲ್ಲ. ಅಲ್ಲಿರುವುದು ಟಿನೆಲ್. ನರದ ಮೇಲೆ ಮೆಲ್ಲಗೆ ತಟ್ಟಿದಾಗ ಬೆರಳಿಗೆ ಜುಮ್ಮೆನ್ನುವುದು. ಹಾಗೆಯೇ ಮಂಡಿಯ ವರದಿಯಲ್ಲಿ 'ಲಾಕ್ ಮ್ಯಾನ್' ಅಂತ ಕೇಳಿಸಿದ್ದು ಲ್ಯಾಕ್‌ಮನ್ ಟೆಸ್ಟ್. ಕಾಲಿನ ಮೀನಖಂಡದ ವರದಿಯಲ್ಲಿ 'ಹ್ಯೂಮನ್ಸ್' ಅನ್ನಿಸಿದ್ದು ಹೋಮನ್ಸ್ ಸೈನ್. ಅರ್ಥ ಇಲ್ಲದ ಸದ್ದು ಕಿವಿಗೆ ಬಿದ್ದರೆ ನಾವು ನಿಲ್ಲುತ್ತೇವೆ, ಹುಡುಕುತ್ತೇವೆ. ಗೊತ್ತಿರುವ ಇಂಗ್ಲಿಷ್ ಪದದ ಹಾಗೆ ಕೇಳಿಸಿದಾಗ ನಿಲ್ಲುವುದೇ ಇಲ್ಲ. ನನ್ನ ಹೆಚ್ಚಿನ ತಪ್ಪುಗಳು ಅಂಥ ಕಡೆಯೇ ಆಗಿವೆ.

ಕನ್ನಡದವರಿಗೆ ಒಂದು ವಿಶೇಷ ಕಷ್ಟ ಇದೆ. ನಾವು ಕೇಳಿದ್ದನ್ನು ಕೇಳಿದ ಹಾಗೆ ಬರೆದು ಬೆಳೆದವರು. ಇಂಗ್ಲಿಷಿನ ವೈದ್ಯಕೀಯ ಪದಗಳು ಗ್ರೀಕ್, ಲ್ಯಾಟಿನ್‌ನಿಂದ ಬಂದವು. ಬಾಯಲ್ಲಿ ಹೇಳದ ಅಕ್ಷರ ಕಾಗದದ ಮೇಲೆ ಮೊದಲೇ ಕೂತಿರುತ್ತದೆ. ಕಣ್ಣಿನ ರೆಪ್ಪೆ ಜೋಲುವುದಕ್ಕೆ 'ಟೋಸಿಸ್' ಅನ್ನುತ್ತಾರೆ, 'ಟಿ' ಪುಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು 'ಪಿ'ಯಲ್ಲಿದೆ, ಪಿ-ಟಿ-ಓ. 'ಸೋವಾಸ್' ಅನ್ನುವ ಸ್ನಾಯು ಇರುವುದೂ 'ಪಿ'ಯಲ್ಲಿ, ಪಿ-ಎಸ್-ಓ. ಎದೆಮೂಳೆಯ ಕೆಳತುದಿಗೆ ಹೇಳುವ 'ಜೈಫಾಯ್ಡ್' ಅನ್ನುವುದು 'ಎಕ್ಸ್'ನಲ್ಲಿ. ಮಲದಲ್ಲಿ ರಕ್ತ ಇದೆಯಾ ಅಂತ ನೋಡುವ 'ಗ್ವಾಯಕ್' ಪರೀಕ್ಷೆಯನ್ನು ನಾನು ಮೊದಲ ಸಲ 'ಜಿ-ಡಬ್ಲ್ಯೂ' ಅಂತ ಹುಡುಕಿ ಅರ್ಧ ಗಂಟೆ ಕಳೆದೆ. ಅದು 'ಜಿ-ಯು-ಏ'. ಹೀಗಾಗಿ ಡಿಕ್ಷನರಿಯ ಒಳರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಒಂದು ಪಟ್ಟಿ ಬರೆದುಕೊಂಡಿದ್ದೇನೆ. ಕಿವಿಗೆ 'ಸ' ಅಂತ ಬಿದ್ದರೆ ಎಸ್, ಸಿ, ಪಿ-ಎಸ್, ಎಸ್-ಸಿ ನೋಡು. 'ನ್ಯೂ' ಅಂದರೆ ಎನ್, ಪಿ-ಎನ್ ನೋಡು. 'ಫ' ಅಂದರೆ ಪಿ-ಎಚ್ ಮರೆಯಬೇಡ. 'ಜ' ಅಂದರೆ ಎಕ್ಸ್ ಬಿಡಬೇಡ. ಹತ್ತೊಂಬತ್ತು ವರ್ಷದಲ್ಲಿ ಆ ಪಟ್ಟಿ ಪೂರ್ತಿ ಪುಟ ಆಗಿದೆ.

ಪ್ರತಿ ಪದದ ಮುಂದೆ ಉಚ್ಚಾರಣೆ ಕೊಟ್ಟಿರುವುದು ಇಂಥ ಕಡೆ ತುಂಬಾ ಸಹಾಯ ಮಾಡುತ್ತದೆ. ಪದ ಸಿಕ್ಕಿದ ಮೇಲೆ ಅದನ್ನು ಬಾಯಿಬಿಟ್ಟು ಓದಿ, ಮತ್ತೆ ಧ್ವನಿ ಕೇಳಿ ಹೋಲಿಸಬೇಕು. ಆದರೆ ಅದನ್ನೇ ಪೂರ್ತಿ ನಂಬಬಾರದು. ಡಾಕ್ಟರುಗಳಿಗೆ ಅವರದೇ ರೂಢಿ ಇರುತ್ತದೆ. ಅಮೆರಿಕದಲ್ಲಿ ಕೆಲವರು ಸೆಂಟಿಮೀಟರ್ ಅನ್ನುವುದನ್ನು 'ಸಾಂಟಿಮೀಟರ್' ಅನ್ನುತ್ತಾರೆ. ಕೈಕಾಲು ದೇಹದಿಂದ ದೂರ ಸರಿಸುವುದಕ್ಕೆ ಅಬ್ಡಕ್ಷನ್, ಹತ್ತಿರ ತರುವುದಕ್ಕೆ ಅಡಕ್ಷನ್. ಈ ಎರಡನ್ನೂ ಕೆಲವು ಒಳ್ಳೆಯ ಡಾಕ್ಟರು 'ಏ-ಬಿ-ಡಕ್ಷನ್', 'ಏ-ಡಿ-ಡಕ್ಷನ್' ಅಂತ ಬಿಡಿಸಿ ಹೇಳುತ್ತಾರೆ. ಅಂಥವರ ಫೈಲ್ ಬಂದ ದಿನ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಎಷ್ಟೋ ಸಲ ಕಾಗುಣಿತ ಗೊತ್ತಿರುತ್ತದೆ, ಎರಡರಲ್ಲಿ ಯಾವುದು ಅನ್ನುವುದು ಗೊತ್ತಾಗುವುದಿಲ್ಲ. ಆಗ ಅರ್ಥವನ್ನೇ ಓದಬೇಕು. ಹೈಪೋಕಲೀಮಿಯಾ, ಹೈಪರ್‌ಕಲೀಮಿಯಾ. ಮೊದಲನೆಯದು ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಆಗುವುದು, ಎರಡನೆಯದು ಜಾಸ್ತಿ ಆಗುವುದು. ಗೊರಗೊರ ಅನ್ನುವ ಫೋನ್ ಲೈನಿನಲ್ಲಿ ಎರಡೂ ಒಂದೇ. ಆದರೆ ಅದೇ ವರದಿಯ ಲ್ಯಾಬ್ ಭಾಗದಲ್ಲಿ ಪೊಟ್ಯಾಸಿಯಂ 2.9 ಅಂತ ಇದ್ದು, ಕೊನೆಯಲ್ಲಿ ಪೊಟ್ಯಾಸಿಯಂ ಕೊಟ್ಟೆವು ಅಂತ ಹೇಳಿದ್ದರೆ ಅದು ಹೈಪೋ. ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು ಇರಬೇಕಾದದ್ದು ಅದು. ಡಿಸ್‌ಫೇಜಿಯಾ ಒಂದಿದೆ, ಡಿಸ್‌ಫೇಸಿಯಾ ಒಂದಿದೆ. ಒಂದು ನುಂಗುವ ತೊಂದರೆ, ಇನ್ನೊಂದು ಮಾತಿನ ತೊಂದರೆ. ಪಾರ್ಶ್ವವಾಯು ಆದವರ ವರದಿಯಲ್ಲಿ ಎರಡೂ ಇರಬಹುದು, ಅಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಇಲಿಯಮ್ ಅಂತೂ ಎರಡಿವೆ, ಉಚ್ಚಾರ ಒಂದೇ. ಕಾಗುಣಿತದಲ್ಲಿ 'ಎಲ್' ಆದ ಮೇಲೆ 'ಇ' ಬಂದರೆ ಕರುಳು, 'ಐ' ಬಂದರೆ ಸೊಂಟದ ಮೂಳೆ. ಕಿವಿಯಿಂದ ಇದನ್ನು ಬಿಡಿಸಲು ಯಾರಿಗೂ ಆಗುವುದಿಲ್ಲ. ಹಿಂದುಮುಂದಿನ ವಾಕ್ಯ ಓದಲೇಬೇಕು.

ಪದಗಳ ಕೊನೆಯ ತುಂಡುಗಳ ಅರ್ಥ ಕಲಿತುಕೊಂಡರೆ ಅರ್ಧ ಕೆಲಸ ಸುಲಭ. ಎಕ್ಟಮಿ ಅಂದರೆ ತೆಗೆದುಹಾಕುವುದು, ಆಸ್ಟಮಿ ಅಂದರೆ ಹೊರಕ್ಕೆ ದಾರಿ ಮಾಡುವುದು, ಆಟಮಿ ಅಂದರೆ ಕೊಯ್ದು ತೆರೆಯುವುದು. ಕೊಲೆಕ್ಟಮಿ ಅಂತಲೋ ಕೊಲಾಸ್ಟಮಿ ಅಂತಲೋ ಅನುಮಾನ ಬಂದರೆ, ಹೊಟ್ಟೆಯ ಮೇಲೆ ಚೀಲ ಹಾಕಿದ್ದರ ಬಗ್ಗೆ ಡಾಕ್ಟರು ಮುಂದೆ ಹೇಳುತ್ತಾರಾ ಅಂತ ಕಾಯಬೇಕು.

ಈಗ ಈ ಪುಸ್ತಕದಿಂದ ಆಗದ ಕೆಲಸಗಳು. ಮುಖ್ಯವಾಗಿ ಔಷಧಿಗಳ ಹೆಸರು. ಯಾವ ಅಚ್ಚಾದ ಡಿಕ್ಷನರಿಯಲ್ಲೂ ಅದು ಅಚ್ಚಾದ ಮೇಲೆ ಬಂದ ಔಷಧಿ ಇರಲು ಸಾಧ್ಯವಿಲ್ಲ. ಔಷಧಿಗೆ ನಾನು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನವರ ಡೈಲಿಮೆಡ್ ಬಳಸುತ್ತೇನೆ. ಔಷಧಿಗಳ ಅಧಿಕೃತ ವಿವರಪತ್ರ ಅಲ್ಲಿ ಉಚಿತವಾಗಿ ಸಿಗುತ್ತದೆ. ಯಾವ ಕಾಯಿಲೆಗೆ, ಎಷ್ಟು ಮಿಲಿಗ್ರಾಂ ಅನ್ನುವುದನ್ನು ನೋಡಿ ಡಾಕ್ಟರು ಹೇಳಿದ ಪ್ರಮಾಣದ ಜೊತೆ ಹೋಲಿಸಬಹುದು. ಸೆಲೆಬ್ರೆಕ್ಸ್, ಸೆಲೆಕ್ಸಾ, ಸೆರೆಬಿಕ್ಸ್ ಮೂರೂ ಬೇರೆ ಬೇರೆ. ಒಂದು ಕೀಲುನೋವಿಗೆ, ಒಂದು ಖಿನ್ನತೆಗೆ, ಒಂದು ಫಿಟ್ಸ್‌ಗೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಮೈ ತುರಿಕೆ ಅಂತ ಬಂದವರ ವರದಿಯಲ್ಲಿ ಡಾಕ್ಟರು ಹೈಡ್ರಾಕ್ಸಿಜೀನ್ ಅಂದಿದ್ದರು. ನಾನು ಹೈಡ್ರಲಜೀನ್ ಅಂತ ಟೈಪ್ ಮಾಡಿದೆ. ಅದು ಬಿಪಿ ಮಾತ್ರೆ. ನಾವು ಟೈಪ್ ಮಾಡಿದ್ದನ್ನು ಮತ್ತೆ ನೋಡುವ ಕ್ವಾಲಿಟಿಯವರು ಹಿಡಿದರು, ವರದಿ ಹೊರಗೆ ಹೋಗಲಿಲ್ಲ. ಆದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಜೋಡಿಗಳನ್ನು ಗುರುತಿಸಿ, ಬೇರೆಯಾಗಿರುವ ಭಾಗವನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ ಅಂತ ಪಟ್ಟಿ ಮಾಡಿದೆ. ಈ ಜೋಡಿಯೂ ಅದರಲ್ಲಿದೆ. ಅಂದರೆ ಅಲ್ಲಿನ ನರ್ಸುಗಳೂ ಫಾರ್ಮಸಿಯವರೂ ಇಲ್ಲಿ ಎಡವುತ್ತಾರೆ. ತುರಿಕೆಗೆ ಬಿಪಿ ಮಾತ್ರೆ ಯಾಕೆ ಕೊಡುತ್ತಾರೆ ಅಂತ ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು.

ಆಪರೇಷನ್ ವರದಿಗಳಲ್ಲಿ ಬರುವ ಉಪಕರಣ, ಹೊಲಿಗೆ ದಾರ, ಇಂಪ್ಲಾಂಟ್‌ಗಳಿಗೂ ಬೇರೆ ಪದಪುಸ್ತಕ ಬೇಕು. 'ವೀಟ್‌ಲ್ಯಾಂಡರ್' ಅಂತ ಕೇಳಿಸುವ ರಿಟ್ರ್ಯಾಕ್ಟರ್‌ನ (ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ಉಪಕರಣ) ಸರಿಯಾದ ಕಾಗುಣಿತ ವೈಟ್‌ಲಾನರ್ ಅನ್ನುವುದು ಅಂಥ ಒಂದು ಪುಸ್ತಕದಿಂದಲೇ ನನಗೆ ಗೊತ್ತಾಯಿತು.

ಎಲ್ಲ ಮಾಡಿದರೂ ಸಿಗದ ಪದ ಇದ್ದೇ ಇರುತ್ತದೆ. ಆಗ ಜಾಗ ಖಾಲಿ ಬಿಟ್ಟು, ಧ್ವನಿಯ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ ಗುರುತು ಹಾಕಿ, ಕೇಳಿಸಿದ್ದು ಏನು ಅಂತ ಟಿಪ್ಪಣಿ ಬರೆದು ಮೇಲೆ ಕಳಿಸಬೇಕು. ಹೊಸಬರು ಖಾಲಿ ಬಿಡಲು ಹೆದರುತ್ತಾರೆ, ಅಂಕ ಹೋಗುತ್ತದೆ ಅಂತ. ನಾನೂ ಹೆದರುತ್ತಿದ್ದೆ. ಡಿಕ್ಷನರಿಯಲ್ಲಿ ಕೇಳಿಸಿದ್ದಕ್ಕೆ ಹತ್ತಿರದ ಒಂದು ಪದ ಸಿಕ್ಕಿಬಿಟ್ಟರೆ ಅದನ್ನೇ ಹಾಕೋಣ ಅನ್ನಿಸುತ್ತದೆ. ಪದ ಇರುವುದು ನಿಜ ಅಂದ ಮಾತ್ರಕ್ಕೆ ಡಾಕ್ಟರು ಅದನ್ನೇ ಹೇಳಿದ್ದಾರೆ ಅಂತ ಆಗುವುದಿಲ್ಲ. ಅರ್ಥ, ಧ್ವನಿ, ರೋಗಿಯ ಕಥೆ ಮೂರೂ ಕೂಡಿದರೆ ಮಾತ್ರ ನಾನು ಹಾಕುತ್ತೇನೆ.

ಈಗ ಕೆಲಸದ ರೀತಿಯೇ ಬದಲಾಗಿದೆ. ಮೊದಲ ಕರಡನ್ನು ಕಂಪ್ಯೂಟರೇ ಕೇಳಿ ಬರೆದುಕೊಡುತ್ತದೆ, ನಾವು ತಿದ್ದುತ್ತೇವೆ. ವೇಗ ಬಂದಿದೆ, ಬೆರಳಿಗೆ ಆರಾಮ. ಆದರೆ ನನ್ನ ಕೈಗೆ ಬರುವ ಕರಡುಗಳಲ್ಲಿ ಖಾಲಿ ಜಾಗ ಅನ್ನುವುದೇ ಇರುವುದಿಲ್ಲ. ಕೇಳಿಸದ ಕಡೆಯೂ ಒಂದು ನಿಜವಾದ, ಕಾಗುಣಿತ ಸರಿ ಇರುವ ಪದ ಕೂತಿರುತ್ತದೆ. 'ಟಿನೆಲ್' ಇರಬೇಕಾದ ಕಡೆ 'ಟನಲ್' ಅಂತ ಚೊಕ್ಕವಾಗಿ ಬಂದಿರುತ್ತದೆ, ಸ್ಪೆಲ್ ಚೆಕ್ ಸುಮ್ನೆ ದಾಟಿ ಹೋಗುತ್ತದೆ. ಹಾಗಾಗಿ ಮೊದಲಿಗಿಂತ ಈಗಲೇ ನಾನು ಈ ಪುಸ್ತಕವನ್ನು ಜಾಸ್ತಿ ತೆಗೆಯುತ್ತೇನೆ.

ಯಾರು ಕೊಳ್ಳಬೇಕು? ಕೋರ್ಸ್ ಮಾಡುತ್ತಿರುವವರು, ಎಡಿಟಿಂಗ್ ಮಾಡುವವರು, ವರದಿಯಲ್ಲಿರುವ ಕಾಯಿಲೆ, ಚಿಕಿತ್ಸೆಗಳಿಗೆ ಕೋಡ್ ಹಾಕುವ ಮೆಡಿಕಲ್ ಕೋಡಿಂಗ್‌ನವರು ಖಂಡಿತ ಕೊಳ್ಳಬಹುದು. ಸೈನ್, ಸಿಂಡ್ರೋಮ್‌ಗಳ ಹೆಸರುಗಳಿಗೆ ಹಳೆಯ ಆವೃತ್ತಿಯೂ ಚೆನ್ನಾಗಿ ನಡೆಯುತ್ತದೆ. ನಾನು ದಿನಾ ತೆಗೆಯುವುದು 30ನೆಯದನ್ನೇ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ರಟ್ಟು ನೋಡಿ ಮೋಸ ಹೋಗಬೇಡಿ, ಒಳಗೆ 'ಎಸ್' ಮತ್ತು 'ಟಿ' ಪುಟಗಳನ್ನು ಬಿಡಿಸಿ ನೋಡಿ. ನಮ್ಮಂಥವರ ಕೈಯಲ್ಲಿದ್ದ ಪುಸ್ತಕದಲ್ಲಿ ಮೊದಲು ಕಿತ್ತು ಬರುವುದು ಅವೇ. ನನ್ನ ಪ್ರತಿಯಲ್ಲಿ 'ಸೈನ್' ಇರುವ ಹಾಳೆಗಳನ್ನು ಎರಡು ಸಲ ಅಂಟಿಸಿದ್ದೇನೆ.